ಬಾರುಕೋಲಿನ ಮೊನೆ: ‘ಸ್ಟಿಮ್ಯುಲೇಶನ್’ ಪದ ಕನ್ನಡಕ್ಕೆ ಬಂದ ಒಂದು ಪ್ರಕರಣ

“ಮಗುವಿಗೆ ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ ಪ್ರಚೋದನೆ ನೀಡಿ.”

ಈ ವಾಕ್ಯ ಬರೆದವನು ನಾನೇ. ಬರೆದಾಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ವ್ಯಾಕರಣ ಸರಿಯಿತ್ತು, ಪಠ್ಯಪುಸ್ತಕಗಳಲ್ಲಿ ಬಳಸುವ ಪದವೇ ಇತ್ತು, ಕರಡು ನೋಡಿದ ಇಬ್ಬರೂ ಸರಿ ಎಂದಿದ್ದರು. ಅಚ್ಚಾಗಿ ಬಂದ ಎರಡು ತಿಂಗಳಿಗೆ ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಅಜ್ಜಿ ಆ ವಾಕ್ಯವನ್ನು ಒಂದೇ ಪ್ರಶ್ನೆಯಲ್ಲಿ ಉರುಳಿಸಿದರು. ಅನುವಾದ, ಆರೋಗ್ಯ ಶಿಕ್ಷಣ, ಅಂಗನವಾಡಿ ತರಬೇತಿ ಇಂಥ ಕೆಲಸದಲ್ಲಿರುವವರಿಗೆ ಉಪಯೋಗಕ್ಕೆ ಬಂದೀತೆಂದು ಆ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಕುಟುಂಬದ ಗುರುತು ಸಿಗದಂತೆ ಊರಿನ ಹೆಸರು, ಮಗುವಿನ ವಯಸ್ಸಿನ ಲೆಕ್ಕ, ಇನ್ನು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪುಸ್ತಿಕೆ ಮಾಡಿಸಿದ ಸಂಸ್ಥೆಯ ಹೆಸರು ಇಲ್ಲಿ ಬೇಕಾಗಿಲ್ಲ. ಎಡವಟ್ಟು ಬಹುಪಾಲು ನನ್ನದೇ.

ಹಿನ್ನೆಲೆ

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳು, ತೂಕ ಕಡಿಮೆಯಿರುವ ಮಕ್ಕಳು, ಹುಟ್ಟಿದ ಕೂಡಲೇ ಅಳದೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಬಂದ ಮಕ್ಕಳು. ಇವರಲ್ಲಿ ಕೆಲವರು ಕತ್ತು ನಿಲ್ಲಿಸುವುದು, ಮಗುಚಿಕೊಳ್ಳುವುದು, ಕೂರುವುದು, ಮಾತು ತೊದಲುವುದು ಎಲ್ಲದರಲ್ಲೂ ಹಿಂದೆ ಬೀಳುತ್ತಾರೆ. ಅಂಥವರಿಗೆ ಮೊದಲ ಎರಡು ಮೂರು ವರ್ಷಗಳಲ್ಲೇ ಕಣ್ಣು, ಕಿವಿ, ಚರ್ಮ, ಕೈಕಾಲುಗಳಿಗೆ ಕೆಲಸ ಕೊಡುವ ಆಟಗಳನ್ನು ಮನೆಯವರಿಂದ ಆಡಿಸುವ ಕ್ರಮವಿದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಅರ್ಲಿ ಸ್ಟಿಮ್ಯುಲೇಶನ್’ ಎನ್ನುತ್ತಾರೆ. ಎರಡು ವರ್ಷ ತುಂಬುವ ಹೊತ್ತಿಗೆ ಮಗುವಿನ ಮೆದುಳು ದೊಡ್ಡವರ ಮೆದುಳಿನ ಗಾತ್ರದ ಸುಮಾರು ಶೇಕಡ 80ರಷ್ಟು ಬೆಳೆದಿರುತ್ತದೆ. ಅದಕ್ಕೇ ಈ ಅವಸರ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದ ಮೇಲೆ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ, ಬೆಳವಣಿಗೆಯಲ್ಲಿ ಹಿಂದಿರುವವರನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಇದೆ. ಆದರೆ ಕೇಂದ್ರಕ್ಕೆ ತಿಂಗಳಿಗೊಮ್ಮೆ ಬರುವುದೇ ಹೆಚ್ಚು. ಉಳಿದ ಇಪ್ಪತ್ತೊಂಬತ್ತು ದಿನ ಮಗು ಮನೆಯಲ್ಲೇ ಇರುತ್ತದೆ. ಆ ದಿನಗಳಿಗೆಂದು ಇಪ್ಪತ್ತನಾಲ್ಕು ಪುಟದ ಇಂಗ್ಲಿಷ್ ಪುಸ್ತಿಕೆಯೊಂದಿತ್ತು. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಸ್ಟಿಮ್ಯುಲೇಶನ್ ಎಂಬ ಪದ ಆ ಪುಸ್ತಿಕೆಯಲ್ಲಿ ಐವತ್ತಕ್ಕೂ ಹೆಚ್ಚು ಕಡೆ ಇತ್ತು. ವಿಜ್ಞಾನದ ಕನ್ನಡದಲ್ಲಿ ‘ಪ್ರಚೋದನೆ–ಪ್ರತಿಕ್ರಿಯೆ’ ಎಂಬ ಜೋಡಿ ಮೊದಲಿನಿಂದ ಇದೆ. ಮುಟ್ಟಿದರೆ ಮುನಿ ಗಿಡದ ಎಲೆ ಮುದುಡುವ ಪಾಠ ಓದಿದವರಿಗೆಲ್ಲ ನೆನಪಿರುತ್ತದೆ. ಆ ನೆನಪಿನ ಮೇಲೆ ಭಾರ ಹಾಕಿ ಐವತ್ತು ಕಡೆಯೂ ಪ್ರಚೋದನೆ ಎಂದು ಬರೆದು ಮುಗಿಸಿದೆ.

ಎಲ್ಲಿ ಎಡವಿತು

ಸಂಸ್ಥೆಯ ಥೆರಪಿಸ್ಟ್, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಂದು ದಿನ ಫೋನ್ ಮಾಡಿ, “ಸರ್, ನೀವೊಂದ್ಸಲ ನನ್ನ ಜೊತೆ ಫೀಲ್ಡಿಗೆ ಬರ್ಬೇಕು. ಪುಸ್ತಕ ಓದಿ ಒಬ್ಬರ ಮನೇಲಿ ಏನೇನೋ ಮಾಡ್ತಿದ್ದಾರೆ” ಎಂದಳು.

ಗುಬ್ಬಿ ತಾಲ್ಲೂಕಿನ ಕಡೆಯ ಊರು. ತೆಂಗಿನ ತೋಟದ ಅಂಚಿನ ಮನೆ, ಮುಂದೆ ಜಗುಲಿ, ಪಕ್ಕದಲ್ಲಿ ಎರಡು ಹಳ್ಳಿಕಾರ್ ಎತ್ತು ಕಟ್ಟಿದ ಕೊಟ್ಟಿಗೆ. ಮಗುವಿಗೆ ಆಗ ಹದಿನಾಲ್ಕು ತಿಂಗಳು. ಎರಡು ತಿಂಗಳು ಮೊದಲೇ ಹುಟ್ಟಿದ್ದರಿಂದ ಥೆರಪಿಸ್ಟ್ ಲೆಕ್ಕದಲ್ಲಿ ಹನ್ನೆರಡು. ಇನ್ನೂ ಆಸರೆಯಿಲ್ಲದೆ ಕೂರುತ್ತಿರಲಿಲ್ಲ, ಶಬ್ದ ಬಂದ ಕಡೆ ತಿರುಗುವುದೂ ನಿಧಾನ. ಕಿವಿ ಪರೀಕ್ಷೆ ಮಾಡಿಸಿದ್ದರು, ಅದರಲ್ಲಿ ತೊಂದರೆಯಿರಲಿಲ್ಲ.

ನಾವು ಹೋದಾಗ ಬೆಳಗಿನ ಹತ್ತು ನಿಮಿಷದ ‘ಪ್ರಚೋದನೆ’ ನಡೆಯುತ್ತಿತ್ತು. ಮಗುವಿನ ಎಡಕ್ಕೆ ಮೊಬೈಲ್‌ನಲ್ಲಿ ಜೋರಾಗಿ ಮಕ್ಕಳ ಹಾಡು. ಬಲಕ್ಕೆ ಅಪ್ಪ ಗಿಲಕಿ ಆಡಿಸುತ್ತಿದ್ದರು. ಅಮ್ಮ ಒರಟು ಟವೆಲ್‌ನಿಂದ ಅಂಗಾಲು ಉಜ್ಜುತ್ತಿದ್ದರು. ಪುಸ್ತಿಕೆಯ ಮೂರು ಬೇರೆ ಬೇರೆ ಪುಟಗಳನ್ನು ಒಂದೇ ಸಲಕ್ಕೆ ಮಾಡುತ್ತಿದ್ದರು. ಮಗು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಮುಖ ಆಚೆ ತಿರುಗಿಸಿ, ಕೈಮುಷ್ಟಿ ಬಿಗಿದು ಅಳುತ್ತಿತ್ತು. ಅಪ್ಪ ಅಮ್ಮನಿಗೆ ಅದು ಒಳ್ಳೆಯ ಲಕ್ಷಣವಾಗಿ ಕಂಡಿತ್ತು. “ನೋಡಿ ಮೇಡಂ, ಈಗ ಸ್ವಲ್ಪ ರಿಯಾಕ್ಷನ್ ಬರ್ತಿದೆ” ಎಂದರು ಅಪ್ಪ. ಪ್ರಚೋದನೆಗೆ ಪ್ರತಿಕ್ರಿಯೆ.

ಬಾಗಿಲ ಹತ್ತಿರ ಕೂತಿದ್ದ ಅಜ್ಜಿ ನನ್ನ ಕಡೆ ನೋಡಿ ಕೇಳಿದರು: “ಈ ಪುಸ್ತಕ ಬರ್ದೋರು ನೀವೇನಪ್ಪಾ? ಪ್ರಚೋದನೆ ಅಂದ್ರೆ ಪೊಲೀಸ್ನೋರು ಕೇಸ್ ಹಾಕೋದಲ್ವಾ? ಟೀವೀಲಿ ದಿನಾ ಹೇಳ್ತಾರೆ, ಪ್ರಚೋದನೆ ಕೊಟ್ಟ, ಅದಕ್ಕೆ ಹಿಂಗಾಯ್ತು ಅಂತ. ಮಗೀನ ಯಾಕಪ್ಪಾ ಕೆರಳಿಸ್ಬೇಕು?”

ನಾನು ಏನೋ ತೊದಲಿದೆ. ಇದು ವೈದ್ಯಕೀಯ ಅರ್ಥ, ಅದು ಬೇರೆ ಅರ್ಥ ಎಂದೆ. ಅಜ್ಜಿ ತಲೆಯಾಡಿಸಿದರು, ಒಪ್ಪಿ ಅಲ್ಲ, ಮನೆಗೆ ಬಂದವನಿಗೆ ಮರ್ಯಾದೆ ಕೊಟ್ಟು. ಅವರ ಮಾತು ಸರಿಯಾಗಿಯೇ ಇತ್ತು. ಆತ್ಮಹತ್ಯೆಗೆ ಪ್ರಚೋದನೆ ಹಿಂದೆ ಭಾರತೀಯ ದಂಡಸಂಹಿತೆಯ 306ನೇ ಕಲಮಾಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಮು. ಪ್ರಚೋದನಕಾರಿ ಭಾಷಣ ಎಂಬುದಂತೂ ಚುನಾವಣೆ ಬಂದರೆ ದಿನವೂ ಓದುವ ಮಾತು. ಹಳ್ಳಿಯ ಮನೆಗೆ ಪದಗಳು ಬರುವುದು ಆ ದಾರಿಯಲ್ಲಿ. ನಾನೋ ಒಂಬತ್ತನೇ ತರಗತಿಯ ಜೀವಶಾಸ್ತ್ರದ ದಾರಿಯಲ್ಲಿ ತಂದಿದ್ದೆ.

ಆ ರಾತ್ರಿ ಇಂಗ್ಲಿಷ್ ಮೂಲವನ್ನು ಮತ್ತೆ ತೆಗೆದು ನೋಡಿದೆ. ಸ್ಟಿಮ್ಯುಲೇಶನ್ ಎಂದಿದ್ದ ಕಡೆಯಲ್ಲೆಲ್ಲ ಹೆಚ್ಚುಕಡಿಮೆ ಅದರ ಹಿಂದೆ ಒಂದು ಸಣ್ಣ ವಿಶೇಷಣವಿತ್ತು: ‘ಹಿತವಾದ’ ಎಂಬ ಅರ್ಥದ್ದು. ನನ್ನ ಕನ್ನಡದಲ್ಲಿ ಅದು ಒಂದೇ ಒಂದು ಕಡೆಯೂ ಇರಲಿಲ್ಲ. ಯಾಕಿಲ್ಲ ಎಂದು ನೆನಪಿಸಿಕೊಂಡೆ. ‘ಹಿತವಾದ ಪ್ರಚೋದನೆ’ ಎಂದು ಬರೆದು ನೋಡಿ, ಕಿವಿಗೆ ಒಗ್ಗದೆ, ‘ಹಿತವಾದ’ವನ್ನು ಹೊಡೆದುಹಾಕಿದ್ದೆ. ಹೊಡೆಯಬೇಕಾಗಿದ್ದದ್ದು ಅದರ ಪಕ್ಕದ ಪದವನ್ನು.

ಮೇಜಿನ ಮೇಲೆ ನಡೆದದ್ದು

ಮೊದಲು ಪ್ರಚೋದನೆಯ ಬೆನ್ನು ಹತ್ತಿದೆ. ಸಂಸ್ಕೃತದ ‘ಚುದ್’ ಧಾತು, ದೂಡು, ಓಡಿಸು, ಮುಂದಕ್ಕೆ ಹೋಗುವಂತೆ ಮಾಡು ಎಂದು ಅರ್ಥ. ಗಾಯತ್ರಿ ಮಂತ್ರದ ಕೊನೆಯಲ್ಲಿ ಬರುವ ‘ಪ್ರಚೋದಯಾತ್’ ಇದೇ. ನಮ್ಮ ಬುದ್ಧಿಯನ್ನು ಸವಿತೃ ಮುನ್ನಡೆಸಲಿ ಎಂಬ ಪ್ರಾರ್ಥನೆ. ಮೀಮಾಂಸಕರಿಗೆ ‘ಚೋದನೆ’ ಎಂದರೆ ವೇದದ ವಿಧಿ, ಮಾಡು ಎಂದು ಹೇಳುವ ಮಾತು. ಅಷ್ಟು ಎತ್ತರದಲ್ಲಿದ್ದ ಪದ ಎಫ್‌ಐಆರ್‌ಗೆ ಇಳಿದುಬಂದಿದೆ. ಪದಗಳಿಗೂ ಸಹವಾಸದೋಷ ಇರುತ್ತದೆ. ಗಾಯತ್ರಿಯನ್ನು ತೋರಿಸಿ ಅಜ್ಜಿಯನ್ನು ಒಪ್ಪಿಸಬಹುದಿತ್ತೇನೋ, ಆದರೆ ಪ್ರತಿ ಮನೆಗೂ ಪುಸ್ತಿಕೆಯ ಜೊತೆ ನಾನು ಹೋಗಲು ಆಗುವುದಿಲ್ಲ.

ಎರಡನೆಯದು ಉತ್ತೇಜನ. ಇದು ನನಗೆ ಬಹಳ ಹಿಡಿಸಿತು. ‘ತಿಜ್’ ಧಾತು, ಮಸೆಯುವುದು, ಮೊನೆ ಮಾಡುವುದು. ತೇಜಸ್ಸು ಎಂದರೆ ಹೊಳಪಾಗುವ ಮೊದಲು ಆಯುಧದ ಹರಿತವಾದ ಅಂಚು. ಕಷ್ಟ ತಡೆದುಕೊಳ್ಳುವ ‘ತಿತಿಕ್ಷೆ’ಯೂ ಇದೇ ಧಾತುವಿನ ಮಗು ಎಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಇದರ ದಾಯಾದಿಗಳು ಯುರೋಪಿನಲ್ಲೂ ಇದ್ದಾರೆ. ಲ್ಯಾಟಿನ್ನಿನ ‘ಇನ್‌ಸ್ಟಿಗಾರೆ’, ಅಂದರೆ ಚುಚ್ಚಿ ಎಬ್ಬಿಸು. ಗ್ರೀಕಿನ ‘ಸ್ಟಿಗ್ಮಾ’, ಚುಚ್ಚಿದ ಗುರುತು. ಸ್ಟಿಮ್ಯುಲಸ್ ಪದವನ್ನೂ ಕೆಲವು ನಿಘಂಟುಕಾರರು ಇದೇ ಮನೆತನಕ್ಕೆ ಸೇರಿಸುತ್ತಾರೆ. ವಂಶಾವಳಿ ನೋಡಿದರೆ ಉತ್ತೇಜನಕ್ಕಿಂತ ಹತ್ತಿರದ ಕನ್ನಡ ಪದ ಸಿಗಲಾರದು. ಅಂದು ರಾತ್ರಿ ಸಮಸ್ಯೆ ಮುಗಿಯಿತೆಂದೇ ಮಲಗಿದೆ.

ಆದರೆ ಈ ಸಲ ಅಚ್ಚಿಗೆ ಕೊಡುವ ಮೊದಲು ಒಂದು ಪರೀಕ್ಷೆ ಇಟ್ಟುಕೊಂಡೆವು. ಅದು ಥೆರಪಿಸ್ಟ್ ಕೊಟ್ಟ ಉಪಾಯ. ಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕಾಯುತ್ತಿರುವ ತಾಯಂದಿರಿಗೆ ಒಂದು ವಾಕ್ಯ ಓದಿ ಹೇಳುವುದು. ‘ಅರ್ಥ ಆಯ್ತಾ’ ಎಂದು ಮಾತ್ರ ಕೇಳಬಾರದು, ಯಾರೇ ಆದರೂ ಆಯ್ತು ಎಂದೇ ಹೇಳುತ್ತಾರೆ. ‘ಇದನ್ನ ಕೇಳಿದ್ರಲ್ಲ, ಮನೆಗೆ ಹೋಗಿ ಏನು ಮಾಡ್ತೀರ, ಮಾಡಿ ತೋರಿಸಿ’ ಎನ್ನಬೇಕು.

“ಮಗುವಿಗೆ ಉತ್ತೇಜನ ನೀಡಿ” ಎಂದು ಓದಿದೆ. ಒಬ್ಬ ತಾಯಿ ಚಪ್ಪಾಳೆ ತಟ್ಟಿ, “ಶಹಬ್ಬಾಸ್ ಕಂದಾ” ಎಂದರು. ಇನ್ನೊಬ್ಬರು ಬೆನ್ನು ತಟ್ಟಿದರು. ತಪ್ಪಲ್ಲ, ಚೆಂದವೇ ಇತ್ತು. ಆದರೆ ಚಪ್ಪಾಳೆ ಬರುವುದು ಮಗು ಏನಾದರೂ ಮಾಡಿದ ಮೇಲೆ. ನಮಗೆ ಬೇಕಾಗಿದ್ದದ್ದು ಅದಕ್ಕೂ ಮೊದಲಿನದು, ಮಗು ಏನಾದರೂ ಮಾಡುವಂತೆ ಮಾಡುವುದು. ಏನೂ ಮಾಡದ ಮಗುವಿನ ಮುಂದೆ ಕೂತ ತಾಯಿಗೆ ‘ಉತ್ತೇಜನ ಕೊಡಿ’ ಎಂದರೆ ಅವಳು ಯಾವುದಕ್ಕೆ ಚಪ್ಪಾಳೆ ತಟ್ಟಬೇಕು? ಸರ್ಕಾರ ಉದ್ಯಮಕ್ಕೆ ಉತ್ತೇಜನ ಕೊಡುತ್ತದೆ, ಕ್ರೀಡೆಗೆ ಉತ್ತೇಜನ ಕೊಡುತ್ತದೆ. ಅದೆಲ್ಲ ಬೆನ್ನು ತಟ್ಟುವುದೇ. ಪದದ ಬೇರಿನಲ್ಲಿ ಮೊನೆಯಿದ್ದರೂ ಈಗಿನ ಕನ್ನಡದಲ್ಲಿ ಅದು ಅಂಗೈ.

ಉದ್ದೀಪನ ಎಂದು ಓದಿದಾಗ ತಾಯಂದಿರು ಮುಖಮುಖ ನೋಡಿಕೊಂಡರು. ದೀಪ ಹಚ್ಚುವುದು, ಬೆಳಗಿಸುವುದು ಎಂಬ ಅರ್ಥ. ಕಾವ್ಯದ ರಸಸಿದ್ಧಾಂತದಲ್ಲಿ ಬೆಳದಿಂಗಳು, ವಸಂತ, ಕೋಗಿಲೆಯ ದನಿ ಎಲ್ಲ ಉದ್ದೀಪನ ವಿಭಾವಗಳು, ಅಂದರೆ ಭಾವವನ್ನು ಬೆಳಗಿಸುವ ಸಂಗತಿಗಳು. ಎಷ್ಟು ಸೊಗಸಾದ ಪದ ಎಂದು ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ, ತಂಗಿಯನ್ನು ಕರೆತಂದಿದ್ದ ಹೈಸ್ಕೂಲ್ ಹುಡುಗ ಹೇಳಿದ: “ಅದು ಅಥ್ಲೀಟ್‌ಗಳು ತಗೊಂಡು ಬ್ಯಾನ್ ಆಗ್ತಾರಲ್ಲ ಸರ್, ಉದ್ದೀಪನ ಮದ್ದು.” ಮುಗಿಯಿತು.

ಹಾಗಾದರೆ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಇಡೋಣ ಎಂದರು ಸಂಸ್ಥೆಯವರು. ಬಸ್ಸು, ಸ್ಕ್ಯಾನಿಂಗು, ಇಂಜೆಕ್ಷನ್ನು ಎಲ್ಲ ನಡೆಯುವಾಗ ಇದೂ ನಡೆಯುತ್ತದೆ ಎಂಬ ವಾದ. ಅದರಲ್ಲಿ ಹುರುಳಿತ್ತು. ‘ಸ್ಟಿಮ್ಯುಲೇಶನ್ ಕೊಡಿ’ ಎಂದು ಓದಿದಾಗ ಒಬ್ಬ ತಾಯಿ ಮಗುವನ್ನು ಎದೆಗೆ ಎಳೆದುಕೊಂಡರು. “ಕರೆಂಟ್ ಕೊಡೋದಾ? ನಮ್ಮ ಯಜಮಾನ್ರಿಗೆ ಬೆನ್ನುನೋವಿಗೆ ಕೊಟ್ಟಿದ್ರು, ಜುಮ್ ಅಂತಿತ್ತಂತೆ. ಇಷ್ಟು ಚಿಕ್ಕ ಮಗೂಗೂ ಕೊಡ್ತಾರಾ?” ಫಿಸಿಯೋಥೆರಪಿ ಕೋಣೆಯಲ್ಲಿ ಯಂತ್ರದ ಮೇಲೆ ಬರೆದಿರುವುದು ಇದೇ ಪದ. ಅವರು ಕಲಿತದ್ದು ಅಲ್ಲಿಂದ. ಇಟಲಿಯ ವಿಜ್ಞಾನಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಜಿಗಿದದ್ದನ್ನು 1791ರಲ್ಲಿ ಬರೆದು ಪ್ರಕಟಿಸಿದ ಮೇಲೆ ಸ್ಟಿಮ್ಯುಲೇಶನ್ನಿಗೂ ಕರೆಂಟಿಗೂ ಬಿದ್ದ ಗಂಟು ಅದು. ಆ ತಾಯಿಯ ಅರ್ಥ ನಮ್ಮದಕ್ಕಿಂತ ಹಳೆಯದು.

ಕೊಟ್ಟಿಗೆಯಲ್ಲಿ

ನಾಲ್ಕು ಪದ ಸೋತ ಮೇಲೆ ಅದೇ ಮನೆಗೆ ಇನ್ನೊಮ್ಮೆ ಹೋದೆವು. ಥೆರಪಿಸ್ಟ್ ಒಳಗೆ ಮಗುವಿನ ಜೊತೆ ಕೂತಳು. ನಾನು ಹೊರಗೆ ತಾತನ ಹತ್ತಿರ ಮಾತಿಗೆ ನಿಂತೆ. ಅವರು ಸಿದ್ಧಗಂಗೆ ಜಾತ್ರೆಯ ದನಗಳ ಪರಿಷೆಗೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದ ಕಾಲದವರು. ಕೊಟ್ಟಿಗೆಯ ಸೂರಿನಲ್ಲಿ ಬಾರುಕೋಲು ಸಿಕ್ಕಿಸಿತ್ತು. ಎರಡೂವರೆ ಮೂರು ಅಡಿಯ ಕೋಲು, ಹಿಡಿದು ಹಿಡಿದು ನುಣುಪಾಗಿ ಕಪ್ಪಿಟ್ಟಿತ್ತು. ಒಂದು ತುದಿಯಲ್ಲಿ ಚರ್ಮದ ಬಾರು, ಇನ್ನೊಂದು ತುದಿಯಲ್ಲಿ ಎಳ್ಳುಕಾಳಿನಷ್ಟು ಮಾತ್ರ ಹೊರಗೆ ಇಣುಕುವ ಒಂದು ಮೊಳೆ.

ಅದನ್ನು ನೋಡಿ ನನಗೆ ನಗು ಬಂತು. ಹದಿನೈದು ದಿನದಿಂದ ನಿಘಂಟುಗಳಲ್ಲಿ ಹುಡುಕುತ್ತಿದ್ದ ವಸ್ತು ಸೂರಿನಲ್ಲಿತ್ತು. ಲ್ಯಾಟಿನ್ನಿನಲ್ಲಿ ‘ಸ್ಟಿಮ್ಯುಲಸ್’ ಎಂದರೆ ಇದೇ, ದನ ಹೊಡೆಯುವ ಮೊನೆಗೋಲು. ‘ಸ್ಟಿಮ್ಯುಲಾರೆ’ ಎಂದರೆ ಆ ಮೊನೆಯಿಂದ ತಿವಿಯುವುದು. ಕ್ರಿ.ಪೂ. 52ರಲ್ಲಿ ಈಗಿನ ಫ್ರಾನ್ಸಿನಲ್ಲಿದ್ದ ಅಲೇಸಿಯಾ ಕೋಟೆಯ ಮುತ್ತಿಗೆಯಲ್ಲಿ ರೋಮಿನ ಸೇನಾಪತಿ ಸೀಸರನ ಸೈನಿಕರು ಒಂದಡಿ ಉದ್ದದ ಮರದ ಗೂಟಗಳಿಗೆ ಕಬ್ಬಿಣದ ಕೊಕ್ಕೆ ಬಡಿದು ನೆಲದಲ್ಲಿ ಹೂತಿಟ್ಟರು, ಶತ್ರುಗಳ ಕಾಲಿಗೆ ಚುಚ್ಚಲೆಂದು. ಅವಕ್ಕೆ ಅವರಿಟ್ಟ ಹೆಸರೂ ಸ್ಟಿಮ್ಯುಲಸ್ಸೇ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್ ವೈದ್ಯರು, ಮಂಕಾದ ಅಂಗವನ್ನು ಎಬ್ಬಿಸುವ ವಸ್ತು ಎಂಬ ಅರ್ಥದಲ್ಲಿ ಪದವನ್ನು ಆಸ್ಪತ್ರೆಗೆ ತಂದರು. ಅಲ್ಲಿಂದ ಅದು ಮನಶ್ಶಾಸ್ತ್ರಕ್ಕೆ, ಆಮೇಲೆ ಸರ್ಕಾರಗಳ ಆರ್ಥಿಕ ಪ್ಯಾಕೇಜಿಗೆ, ಕೊನೆಗೆ ಗುಬ್ಬಿ ತಾಲ್ಲೂಕಿನ ಜಗುಲಿಗೆ ಬಂದಿತ್ತು.

ಇದನ್ನೆಲ್ಲ ತಾತನಿಗೆ ಹೇಳಿದೆ. ನಿಮ್ಮ ಮೊಮ್ಮಗನಿಗೆ ಡಾಕ್ಟರು ಬರೆದುಕೊಟ್ಟ ಪದದ ಮೂಲ ಈ ಕೋಲು ಎಂದೆ. ಅವರಿಗೆ ಆಶ್ಚರ್ಯಕ್ಕಿಂತ ಬೇಸರವಾಯಿತು. ಕೋಲನ್ನು ಕೆಳಗಿಳಿಸಿ ನನ್ನ ಅಂಗೈಗೆ ಆ ಮೊಳೆಯನ್ನು ಮುಟ್ಟಿಸಿದರು. ನೋವಾಗಲಿಲ್ಲ, ಕೈ ಮಾತ್ರ ತಾನಾಗಿ ಹಿಂದಕ್ಕೆ ಬಂತು.

“ಅಷ್ಟೇ ಕಣಪ್ಪಾ. ಇದು ಚುಚ್ಚಕ್ಕಲ್ಲ, ಮುಟ್ಸಕ್ಕೆ. ಬಲಗಡೆ ಮುಟ್ಸುದ್ರೆ ಎಡಕ್ಕೆ ತಿರುಗ್ತದೆ. ಗೊತ್ತಿಲ್ದೋರು ಹೊತ್ತೂ ಚುಚ್ತಾ ಇರ್ತಾರೆ. ಚರ್ಮ ಜಡ್ಡುಗಟ್ಟೋಯ್ತದೆ, ಆಮೇಲೆ ಬೆಂಕಿ ಇಟ್ರೂ ಅಲ್ಲಾಡಲ್ಲ. ಒಳ್ಳೆ ಎತ್ತಿಗೆ ‘ಹೋಯ್’ ಅಂದ್ರೆ ಸಾಕು.”

ಮೊಳೆಯಿರುವ ಕೋಲು ಬಳಸುವುದನ್ನು 1965ರ ಪ್ರಾಣಿಹಿಂಸೆ ತಡೆ ನಿಯಮಗಳು ನಿಷೇಧಿಸಿವೆ ಎಂಬುದು ನನಗೆ ಗೊತ್ತಿತ್ತು, ಹೇಳಲಿಲ್ಲ. ಎಷ್ಟೋ ವರ್ಷದಿಂದ ಅದು ಸೂರಿನಲ್ಲೇ ಇದೆ ಎಂಬುದು ಅದರ ಮೇಲಿದ್ದ ಜೇಡರಬಲೆಯಿಂದ ಕಾಣುತ್ತಿತ್ತು.

ಈ ಪ್ರಕರಣದ ತಿರುವು ಇದೇ ಎಂದು ಈಗ ಹೇಳಬಲ್ಲೆ. ನಾನು ಹದಿನೈದು ದಿನ ಸರಿಯಾದ ನಾಮಪದ ಹುಡುಕುತ್ತಿದ್ದೆ. ತಾತ ಹೇಳಿದ್ದು ಪ್ರಮಾಣದ ಮಾತು, ಎಷ್ಟು ಮುಟ್ಟಿಸಬೇಕು, ಎಲ್ಲಿ, ಯಾವಾಗ ನಿಲ್ಲಿಸಬೇಕು ಎಂಬುದು. ನನ್ನ ಪುಸ್ತಿಕೆಯಲ್ಲಿ ಇಲ್ಲದಿದ್ದದ್ದು ಅದು. ವೈದ್ಯಶಾಸ್ತ್ರವೂ ಇದೇ ಜಾಗದಲ್ಲಿ ಒಮ್ಮೆ ಮುಗ್ಗರಿಸಿದೆ. ಸ್ಕಾಟ್ಲೆಂಡಿನ ಜಾನ್ ಬ್ರೌನ್ ಎಂಬ ವೈದ್ಯ 1780ರಲ್ಲಿ ಒಂದು ಸಿದ್ಧಾಂತ ಮಂಡಿಸಿದ: ಬದುಕೆಂದರೆ ಹೊರಗಿನ ತಿವಿತಗಳಿಗೆ ದೇಹ ಕೊಡುವ ಉತ್ತರ, ತಿವಿತ ಕಡಿಮೆಯಾದರೂ ಕಾಯಿಲೆ, ಹೆಚ್ಚಾದರೂ ಕಾಯಿಲೆ. ಮಾತು ಕೇಳಲು ಸಮತೋಲವಾಗಿದೆ. ಆದರೆ ಹೆಚ್ಚಿನ ರೋಗಗಳಿಗೆ ತಿವಿತ ಸಾಲದೆಂಬುದೇ ಕಾರಣ ಎಂದುಕೊಂಡು ಅವನು ಕೈತುಂಬ ಕೊಟ್ಟ ಮದ್ದು ಮದ್ಯ ಮತ್ತು ಅಫೀಮು. ಮೊಬೈಲು, ಗಿಲಕಿ, ಟವೆಲ್ಲು ಮೂರನ್ನೂ ಒಟ್ಟಿಗೆ ಹಿಡಿದು ಕೂತ ಆ ಅಪ್ಪ ಅಮ್ಮ ಬ್ರೌನನ ಶಿಷ್ಯರೇನಲ್ಲ. ನಾನು ಬರೆದುಕೊಟ್ಟದ್ದನ್ನು ಮಾಡಿದವರು.

ಚುರುಕು, ಮತ್ತು ಅದೂ ಸೋತದ್ದು

ಒಳಗೆ ಹೋದಾಗ ಅಜ್ಜಿ ಥೆರಪಿಸ್ಟ್‌ಗೆ ಹೇಳುತ್ತಿದ್ದರು: “ಬಿಸಿನೀರು ಹುಯ್ದಾಗ ಮಗ ಒಂಚೂರು ಚುರುಕಾಗ್ತಾನೆ.”

ಚುರುಕು! ಚುರುಕ್ಕೆನ್ನುವುದು ಚರ್ಮಕ್ಕೆ ಬಿಸಿ ತಾಕಿದಾಗ. ಬಿಸಿಲು ಚುರುಗುಟ್ಟುತ್ತದೆ, ಹೊಟ್ಟೆ ಚುರುಗುಟ್ಟುತ್ತದೆ. ಚುರುಕು ಮುಟ್ಟಿಸುವುದು ಎಂದರೆ ಬಿಸಿ ತಾಗಿಸಿ ಬುದ್ಧಿ ಕಲಿಸುವುದು. ಅದೇ ಪದ ಲವಲವಿಕೆಗೂ ಹೌದು, ಜಾಣತನಕ್ಕೂ ಹೌದು. ಜೂನ್ ತಿಂಗಳಲ್ಲಿ ಪತ್ರಿಕೆಗಳು ‘ಮುಂಗಾರು ಚುರುಕು’ ಎಂದು ಬರೆಯುತ್ತವೆ. ಚುಚ್ಚುವುದರಿಂದ ಹಿಡಿದು ಚೇತನದವರೆಗೆ ಲ್ಯಾಟಿನ್ ಪದ ಎರಡು ಸಾವಿರ ವರ್ಷದಲ್ಲಿ ನಡೆದ ದಾರಿಯನ್ನು ಕನ್ನಡದ ಮೂರಕ್ಷರ ಒಂದೇ ಹೆಜ್ಜೆಯಲ್ಲಿ ದಾಟಿತ್ತು. ಸಂಸ್ಕೃತದ ಹಂಗಿಲ್ಲ, ಇಂಗ್ಲಿಷಿನ ಹಂಗಿಲ್ಲ. ‘ಚುರುಕು ಆಟಗಳು’ ಎಂದು ರಟ್ಟಿಗೆ ಹೆಸರನ್ನೂ ಬರೆದುಬಿಟ್ಟೆ.

ಮುಂದಿನ ವಾರ ಬೆಂಚಿನ ಪರೀಕ್ಷೆಗೆ ಒಯ್ದೆ. ಕೇಳಿದ ಏಳೆಂಟು ಜನರಲ್ಲಿ ಎಲ್ಲರೂ ಸರಿಯಾಗಿಯೇ ಮಾಡಿ ತೋರಿಸಿದರು. ಒಬ್ಬ ತಾಯಿ ಮಾತ್ರ ಸುಮ್ಮನೆ ಕೂತಿದ್ದರು. ಕೇಳಿದ್ದಕ್ಕೆ, ರಟ್ಟಿನ ಮೇಲೆ ಬೆರಳಿಟ್ಟು, “ನನ್ನ ಮಗಳು ಚುರುಕಿಲ್ಲ ಅಂತ ಮನೇಲಿ ಅತ್ತೆ, ನಾದಿನಿ ಎಲ್ಲ ಅಂತಾರೆ. ಈಗ ಪುಸ್ತಕದಲ್ಲೂ ಬರೆದಿದ್ದೀರ ಸರ್” ಎಂದರು.

ಆ ಪದದ ಇನ್ನೊಂದು ಮಗ್ಗುಲು ನನಗೆ ಹೊಳೆದಿರಲೇ ಇಲ್ಲ. ಚುರುಕು ಎಂದ ಕೂಡಲೇ ಎದುರಿಗೆ ಮಂದ, ದಡ್ಡ, ಪೆದ್ದು ಎಲ್ಲ ಬಂದು ನಿಲ್ಲುತ್ತವೆ. ಏಳು ಜನ ಸರಿ ಎಂದಿದ್ದಾರೆ, ಒಬ್ಬರಿಗಾಗಿ ಬಿಡಬೇಕೇ ಎಂದು ಸಂಸ್ಥೆಯಲ್ಲಿ ಚರ್ಚೆಯಾಯಿತು. ಬಿಡಬೇಕು ಎಂದು ಥೆರಪಿಸ್ಟ್ ಹಟ ಹಿಡಿದಳು, ನಾನು ಒಪ್ಪಿದೆ. ಮನಸ್ಸಿಲ್ಲದೆ ಒಪ್ಪಿದೆ ಎಂಬುದನ್ನೂ ಬರೆಯಬೇಕು. ಆ ಪದದ ಮೇಲೆ ನನಗೆ ಅಷ್ಟು ಆಸೆ ಹುಟ್ಟಿತ್ತು. ಈಗಲೂ ಇದೆ.

ಕೊನೆಗೆ ಏನಾಯಿತು

ಪದವನ್ನೇ ಬಿಟ್ಟೆವು. ಇದು ಸೋಲಿನ ಹಾಗೆ ಕಂಡರೂ ಪುಸ್ತಿಕೆಗೆ ಒಳ್ಳೆಯದಾಯಿತು. ಐವತ್ತು ಕಡೆಯ ಒಂದು ನಾಮಪದವನ್ನು ತೆಗೆದು ಪ್ರತಿಯೊಂದು ಆಟಕ್ಕೂ ಅದರದೇ ಕ್ರಿಯಾಪದ ಹಾಕಿದೆ. “ಶ್ರವಣ ಪ್ರಚೋದನೆ ನೀಡಿ” ಎಂದಿದ್ದದ್ದು, “ಮಗುವಿನ ಹಿಂದೆ ಕೂತು, ಒಂದು ಮೊಳ ದೂರದಿಂದ, ಸ್ಟೀಲ್ ಲೋಟಕ್ಕೆ ಚಮಚದಿಂದ ಒಂದೇ ಸಲ ಮೆಲ್ಲಗೆ ತಟ್ಟಿ. ತಿರುಗುತ್ತದಾ ಎಂದು ಕಾಯಿರಿ. ಹತ್ತು ಎಣಿಸಿ” ಎಂದಾಯಿತು. “ಸ್ಪರ್ಶ ಪ್ರಚೋದನೆ” ಹೋಗಿ, “ಅಂಗಾಲನ್ನು ಹತ್ತಿಯಿಂದ ಸವರಿ, ಆಮೇಲೆ ಬರಿಗೈಯಿಂದ” ಎಂದು ಬಂತು. ಪುಸ್ತಿಕೆ ಆರು ಪುಟ ದಪ್ಪವಾಯಿತು, ಖರ್ಚಿನ ಬಗ್ಗೆ ಗೊಣಗಾಟವೂ ಆಯಿತು.

ಆ ‘ಹತ್ತು ಎಣಿಸಿ’ ಎನ್ನುವುದು ಮೂಲದಲ್ಲಿ ಇರಲಿಲ್ಲ. ತಾತನ ಮಾತಿನಿಂದ ಬಂದದ್ದು, ಥೆರಪಿಸ್ಟ್ ನೋಡಿ ಒಪ್ಪಿದ್ದು. ಅದರ ಜೊತೆಗೆ ‘ನಿಲ್ಲಿಸಿ’ ಎಂಬ ಹೊಸ ಪುಟ ಸೇರಿಸಿದೆವು: ಮಗು ಮುಖ ಆಚೆ ತಿರುಗಿಸಿದರೆ, ಬೆನ್ನು ಬಿಲ್ಲಾಗಿಸಿದರೆ, ಕಿವಿ ಮುಚ್ಚಿಕೊಂಡರೆ, ಮುಷ್ಟಿ ಬಿಗಿದರೆ ಅದು ಸಾಕು ಎಂದು ಹೇಳುತ್ತಿದೆ. ಒಂದು ಹೊತ್ತಿಗೆ ಒಂದೇ ಆಟ. ಮೊಬೈಲಿಗೂ ಒಂದು ಸಾಲು ಕೊಟ್ಟೆವು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದ ಕೂಸಿಗೆ ಪರದೆ ಬೇಡವೆಂದು ಹೇಳಿದ್ದನ್ನು ಉಲ್ಲೇಖಿಸಿ, ಮೊಬೈಲನ್ನು ಆಟದ ಸಾಮಾನುಗಳ ಚಿತ್ರದಿಂದ ತೆಗೆದೆವು. ಮೊದಲ ಮುದ್ರಣದ ಚಿತ್ರದಲ್ಲಿ ಅದು ಇತ್ತು ಎಂಬುದು ಯಾರಿಗೂ ನೆನಪಿರಲಿಲ್ಲ. ಅಪ್ಪ ಮಾತ್ರ ನೋಡಿಕೊಂಡಿದ್ದರು.

ಇಂಗ್ಲಿಷ್ ಪದವನ್ನು ಒಂದೇ ಒಂದು ಕಡೆ ಉಳಿಸಿದೆ, ಮೂರನೇ ಪುಟದಲ್ಲಿ: “ಆಸ್ಪತ್ರೆಯ ಚೀಟಿಯಲ್ಲಿ ‘ಸ್ಟಿಮ್ಯುಲೇಶನ್’ ಎಂದು ಬರೆದಿದ್ದರೆ ಹೆದರಬೇಡಿ, ಕರೆಂಟ್ ಕೊಡುವುದಲ್ಲ. ಈ ಪುಸ್ತಕದ ಆಟಗಳೇ ಅದು.” ಚೀಟಿಯಲ್ಲಿ ಆ ಪದ ಬರುವುದನ್ನು ನಾವು ತಪ್ಪಿಸಲಾಗುವುದಿಲ್ಲ, ಬಂದಾಗ ಗುರುತು ಹಿಡಿಯುವಂತೆ ಮಾಡಬಹುದು ಅಷ್ಟೇ. ಕರೆಂಟಿನ ಮಾತು ಎತ್ತಿದ ತಾಯಿಗೆ ಓದಿ ತೋರಿಸಿದಾಗ, “ಹಿಂಗೆ ಮೊದಲೇ ಹೇಳ್ಬಾರದಾ” ಎಂದರು.

ಮಗುವಿನ ವಿಷಯ ಕೇಳುವವರಿರುತ್ತಾರೆ. ಪುಸ್ತಿಕೆಯಿಂದ ಅವನು ಎದ್ದು ಓಡಿದ ಎಂದು ಬರೆದರೆ ಸುಳ್ಳಾಗುತ್ತದೆ. ಮೂರನ್ನೂ ಒಟ್ಟಿಗೆ ಮಾಡುವುದನ್ನು ನಿಲ್ಲಿಸಿದ ಮೇಲೆ ಆಟದ ಹೊತ್ತಿಗೆ ಅಳುವುದು ಕಡಿಮೆಯಾಯಿತು, ಅಳು ಕಡಿಮೆಯಾದ್ದರಿಂದ ಮನೆಯವರು ತಪ್ಪದೆ ಆಡಿಸತೊಡಗಿದರು. ಹದಿನೆಂಟನೇ ತಿಂಗಳಿಗೆ ಆಸರೆಯಿಲ್ಲದೆ ಕೂತ. ಬೆಳವಣಿಗೆ, ಚಿಕಿತ್ಸೆ, ಆಟ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಥೆರಪಿಸ್ಟ್ ಒಪ್ಪುವುದಿಲ್ಲ, ನಾನು ಕೇಳುವುದೂ ಇಲ್ಲ. ಲೋಟ ತಟ್ಟುವ ಕೆಲಸವನ್ನು ಅಜ್ಜಿ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಮ್ಮೆ ತಟ್ಟಿ, ಬಾಯೊಳಗೇ ಹತ್ತು ಎಣಿಸುವರು. ಆರೇಳಕ್ಕೆಲ್ಲ ಅವನ ಕತ್ತು ಹೊರಳುತ್ತಿತ್ತು.

ಇದೇ ಬಗೆಯ ಕೆಲಸ ಮಾಡುವವರು ನನ್ನನ್ನು ಕೇಳಿದರೆ ಎರಡು ಮಾತು ಹೇಳುತ್ತೇನೆ. ಮೂಲದ ವಿಶೇಷಣವೊಂದು ಕನ್ನಡದ ನಾಮಪದದ ಪಕ್ಕದಲ್ಲಿ ನಿಲ್ಲಲು ಒಪ್ಪದಿದ್ದರೆ ವಿಶೇಷಣದ ಮೇಲೆ ಕೈ ಮಾಡುವ ಮೊದಲು ನಾಮಪದವನ್ನು ವಿಚಾರಿಸಿ. ಪದದ ಮೂಲ ಹುಡುಕುವುದು ವ್ಯರ್ಥವೇನಲ್ಲ, ಬಾರುಕೋಲಿನವರೆಗೆ ಹೋಗದಿದ್ದರೆ ನನಗೆ ‘ನಿಲ್ಲಿಸಿ’ ಎಂಬ ಪುಟ ಹೊಳೆಯುತ್ತಿರಲಿಲ್ಲ. ಆದರೆ ಆ ಮೂಲದಿಂದ ತಾಯಿಗೆ ಏನೂ ಸಿಗುವುದಿಲ್ಲ, ಸಿಗುವುದು ಬರೆಯುವವನಿಗೆ. ಉತ್ತೇಜನದ ಬೇರನ್ನು ಹಿಡಿದು ನಾನು ಒಂದು ರಾತ್ರಿ ನೆಮ್ಮದಿಯಾಗಿ ಮಲಗಿದ್ದೆನಲ್ಲ, ಅದು ನನ್ನ ನೆಮ್ಮದಿ ಮಾತ್ರ.

ಎರಡನೇ ಮುದ್ರಣದ ರಟ್ಟಿಗೆ ಚಿತ್ರ ಬರೆಯುವವರು ಈ ಕತೆ ಕೇಳಿ ಮರುಳಾಗಿ, ಬಾರುಕೋಲು ಹಿಡಿದ ತಾತನ ಚಿತ್ರ ಹಾಕೋಣ ಎಂದರು. ನನಗೂ ಆಸೆಯಾಯಿತು. ಕೋಲಿನ ಫೋಟೊ ತೆಗೆದುಕೊಳ್ಳಲು ಹೋದಾಗ ತಾತ ಅದನ್ನು ಸೂರಿನಿಂದ ಇಳಿಸಲೇ ಇಲ್ಲ.

“ಮಗೀನ ಪುಸ್ತಕದ ಮ್ಯಾಲೆ ಬಾರುಕೋಲಾ? ನಿಮಗೇನು ತಲೆ ನೆಟ್ಟಗೈತಾ?”

ರಟ್ಟಿನ ಮೇಲೆ ಈಗ ಒಂದು ಸ್ಟೀಲ್ ಲೋಟ ಮತ್ತು ಚಮಚ ಇವೆ.